ಮೂರನೆಯ ಗುಂಪಿನ ಕುರಿಗಳು

ಜಂತುಹುಳು ಬೇಕೆಂದು ಊರೂರು ಅಲೆಯುವ ಮನುಷ್ಯನನ್ನು ನೀವು ನೋಡಿರಲಾರಿರಿ. ನೋಡಬೇಕೆನಿಸಿದರೆ ಚಿಕ್ಕಬಳ್ಳಾಪುರಕ್ಕೆ ಬನ್ನಿ, ನಾನಿದ್ದೇನೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಹೆಮ್ಮೆಪಡಲು ಬೇಕಾದ ತ್ರಾಣವೂ ಈಗ ಉಳಿದಿಲ್ಲ. ನನ್ನ ವಯಸ್ಸಿನವರು ಸೈಟು, ಸಕ್ಕರೆ ಕಾಯಿಲೆ, ಮಕ್ಕಳ ಸೀಟು ಎಂದು ಚಿಂತಿಸುತ್ತಾರೆ. ನಾನು ಬೆಳಗ್ಗೆ ಎದ್ದು ಮೊದಲು ಚಿಂತಿಸುವುದು ಕುರಿಯ ಹಿಕ್ಕೆಯ ವಿಷಯ. ಅದು ಹಸಿಯಾಗಿ ಸಿಗುತ್ತದೆಯೇ, ಸಿಕ್ಕರೆ ಅದರಲ್ಲಿ ಹುಳುವಿನ ಮೊಟ್ಟೆ ಇರುತ್ತದೆಯೇ, ಇದ್ದರೆ ಎಣಿಸುವಷ್ಟಾದರೂ ಇರುತ್ತದೆಯೇ. ಒಬ್ಬ ಮನುಷ್ಯನ ಆಸೆ ಎಲ್ಲಿಯವರೆಗೆ ಇಳಿಯಬಹುದು ಎಂದು ಯೋಚಿಸಿದರೆ ನನಗೇ ಬೇಸರವಾಗುತ್ತದೆ.

ಇದಕ್ಕೆಲ್ಲ ಕಾರಣ ನಮ್ಮ ಕಾಲೇಜಿನ ಬಾಗಿಲಲ್ಲಿ ತೂಗುಹಾಕಿರುವ ಹಲಗೆ. ನಾನು ಪ್ರಾಣಿಶಾಸ್ತ್ರದ ಮೇಷ್ಟ್ರು. ಜಿರಲೆಯ ಕರುಳನ್ನೂ ಕಪ್ಪೆಯ ಹೃದಯವನ್ನೂ ಬೋರ್ಡಿನ ಮೇಲೆ ಬರೆದು ಅಳಿಸಿ, ಬರೆದು ಅಳಿಸಿ, ಅರ್ಧ ಆಯಸ್ಸು ಕಳೆದವನು. ಆ ಹಲಗೆಯಲ್ಲಿ ನಮ್ಮೆಲ್ಲರ ಹೆಸರುಗಳಿವೆ. ನೋಡನೋಡುತ್ತಿದ್ದಂತೆ ಒಬ್ಬೊಬ್ಬರ ಹೆಸರಿನ ಮುಂದೆಯೂ 'ಡಾ.' ಬಂದು ಕೂತುಬಿಟ್ಟಿತು. ನನ್ನ ಹತ್ತಿರವೇ ಜಿರಲೆ ಕೊಯ್ಯಲು ಕಲಿತ ಹುಡುಗಿ ಈಗ ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಾಳೆ, ಅವಳೂ ಡಾಕ್ಟರು. ನನ್ನ ಹೆಸರಿನ ಮುಂದೆ ಮಾತ್ರ ಬೋಳು 'ಶ್ರೀ'. ಹೊಸದಾಗಿ ಸೇರಿದ ಮಕ್ಕಳು ನನ್ನನ್ನು ಆಫೀಸಿನವನೆಂದು ತಿಳಿದು ಬಸ್ ಪಾಸಿಗೆ ಸೀಲು ಹಾಕಿಕೊಡಿ ಎಂದು ಕೇಳಿದ್ದುಂಟು. ಒಂದೆರಡು ಸಲ ಹಾಕಿಯೂ ಕೊಟ್ಟಿದ್ದೇನೆ. ಕಡೆಗೆ ರೋಸಿಹೋಗಿ, ತಲೆ ಪೂರ್ತಿ ನರೆತ ಮೇಲೆ, ನಾನೂ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದೆ. ಬೆಂಗಳೂರಿನಲ್ಲಿರುವ ನನ್ನ ಗೈಡು ನನಗಿಂತ ಚಿಕ್ಕವರು, ಸಭ್ಯರು, ನನ್ನನ್ನು 'ಸಾರ್' ಎಂದೇ ಬೈಯುತ್ತಾರೆ. ನಮ್ಮ ಕಡೆಯ ಜನ ಹೊಟ್ಟೆಹುಳುವಿಗೆ ಬಳಸುವ ಗಿಡಮೂಲಿಕೆಗಳನ್ನು ಕುರಿಗಳಿಗೆ ಕೊಟ್ಟು ಪರೀಕ್ಷಿಸುವುದೆಂದು ವಿಷಯ ಆರಿಸಿಕೊಟ್ಟವರು ಅವರೇ. ವಿಶ್ವವಿದ್ಯಾಲಯ ನನಗೆ ಗಡುವು ಮುಂದೂಡಿ ಮುಂದೂಡಿ ಬೇಸತ್ತು, ಇದೇ ಕಡೆಯ ಸಲ ಎಂದು ತಿಳಿಸಿದೆ. ಈ ಸಲ ಕೆಲಸ ಮುಗಿಯದಿದ್ದರೆ ನಾನು 'ಶ್ರೀ'ಯಾಗಿಯೇ ನಿವೃತ್ತನಾಗಬೇಕು.

ನನ್ನ ಹೆಂಡತಿ ರತ್ನಳಿಗೆ ಈ ಸಂಶೋಧನೆಯ ಬಗ್ಗೆ ತನ್ನದೇ ಆದ ಅಭಿಪ್ರಾಯವಿದೆ. ನಾನು ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನಂತೆ. ಹಲ್ಲು ಕಡಿಯುವವರ ಹೊಟ್ಟೆಯಲ್ಲಿ ಹುಳು ಇರುತ್ತದೆ ಎನ್ನುವುದು ನಮ್ಮ ಕಡೆ ಎಲ್ಲ ತಾಯಂದಿರೂ ಒಪ್ಪಿದ ಮಾತು. "ರೀ, ನೀವು ಕುರಿ ಹೊಟ್ಟೆ ನೋಡೋದು ಆಮೇಲಿರಲಿ, ಮೊದ್ಲು ನಿಮ್ ಹೊಟ್ಟೆ ನೋಡ್ಕೊಳ್ಳಿ. ತಿಂದಿದ್ದೊಂದೂ ಮೈಗೆ ಹತ್ತಲ್ಲ, ರಾತ್ರಿಯೆಲ್ಲಾ ಕಟಕಟ ಅಂತೀರ" ಎಂದು ಕಾಫಿ ಕೊಡುವಾಗಲೆಲ್ಲ ಹೇಳುತ್ತಾಳೆ. ಅದು ಹುಳುವಿನಿಂದಲ್ಲ, ಗೈಡಿನ ಫೋನಿನಿಂದ ಎಂದು ನಾನು ವಿವರಿಸುತ್ತೇನೆ. ನಂಬುವುದಿಲ್ಲ. ಚಿಕ್ಕಂದಿನಲ್ಲಿ ನಮ್ಮಜ್ಜಿಯೂ ಹೀಗೆಯೇ. ಮನೆಯ ಮಕ್ಕಳಲ್ಲಿ ಒಬ್ಬ ಹಲ್ಲು ಕಡಿದರೆ ಸಾಕು, ಎಲ್ಲರನ್ನೂ ಜಗಲಿಯ ಮೇಲೆ ಸಾಲಾಗಿ ಕೂರಿಸಿ, ಮೂಗು ಹಿಡಿದು, ಬೇವಿನ ಕಷಾಯ ಹುಯ್ಯುತ್ತಿದ್ದಳು. ನಾನಲ್ಲಜ್ಜಿ, ಅವನು ಕಡಿದದ್ದು ಎಂದು ಅತ್ತರೂ ಬಿಡುತ್ತಿರಲಿಲ್ಲ. ಆಮೇಲೆ ಒಂದೊಂದು ಚೂರು ಬೆಲ್ಲ. ಆ ಕಷಾಯದ ಕಹಿ ಈಗಲೂ ನಾಲಿಗೆಯ ಬುಡದಲ್ಲಿದೆ, ಬೆಲ್ಲದ ರುಚಿ ಮಾತ್ರ ನೆನಪಿಲ್ಲ.

ಮನೆಯಲ್ಲಿ ಇನ್ನೊಂದು ರಗಳೆ ಫ್ರಿಜ್ಜಿನದು. ಹಿಕ್ಕೆಯನ್ನು ಬಿಸಿಲಲ್ಲಿಟ್ಟರೆ ಮೊಟ್ಟೆಯೊಡೆದು ಮರಿಯಾಗಿ ಎಣಿಕೆ ಕೆಡುತ್ತದೆ, ತಣ್ಣಗಿಡಬೇಕು. ಕಾಲೇಜಿನ ಫ್ರಿಜ್ಜು ಕೆಟ್ಟು ಎಷ್ಟೋ ಕಾಲವಾಗಿ ಈಗ ಅದರಲ್ಲಿ ಉತ್ತರಪತ್ರಿಕೆಗಳನ್ನು ಇಡುತ್ತಾರೆ. ಹಾಗಾಗಿ ನಾನು ಡಬ್ಬಿಗಳನ್ನು ಮನೆಗೆ ತಂದು, ಮುಚ್ಚಳ ಬಿಗಿದು, ಮೇಲೆ ಪ್ಲಾಸ್ಟಿಕ್ ಸುತ್ತಿ, ತರಕಾರಿ ಇಡುವ ಕೆಳಗಿನ ಖಾನೆಯಲ್ಲಿ ಬೀಟ್ರೂಟಿನ ಹಿಂದೆ ಅಡಗಿಸಿಟ್ಟಿದ್ದೆ. ರತ್ನ ಬೀಟ್ರೂಟ್ ಪಲ್ಯ ಮಾಡುವವಳಲ್ಲ ಎನ್ನುವುದು ನನ್ನ ಲೆಕ್ಕಾಚಾರ. ಆದರೆ ಅವಳ ಅಕ್ಕ ಬಂದಿದ್ದಾಗ ಬೀಟ್ರೂಟಿಗೆ ಕೈಹಾಕಿದರು. ಆವತ್ತು ನಡೆದದ್ದನ್ನು ಬರೆಯುವುದಿಲ್ಲ. ಫ್ರಿಜ್ಜನ್ನು ಮೂರು ಸಲ ಅರಿಸಿನದ ನೀರಿನಲ್ಲಿ ಒರೆಸಿದವನು ನಾನೇ ಎಂದಷ್ಟೇ ಹೇಳುತ್ತೇನೆ. ಈಗ ಹಿಕ್ಕೆಗೆ ಬೇರೆ ಐಸ್ ಡಬ್ಬಿ ಇದೆ. ಅದು ಸ್ಕೂಟರಿನಲ್ಲೇ ಇರಬೇಕು, ಹೊಸ್ತಿಲು ದಾಟಬಾರದು.

ವಿಷಯ ಊರಿಗೆಲ್ಲ ಗೊತ್ತಾದ ಮೇಲೆ ಸಲಹೆ ಕೊಡುವವರಿಗೆ ಬರವಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಪ್ರತಿಯೊಬ್ಬರಿಗೂ ಒಬ್ಬ ತಾತನಿರುತ್ತಾನೆ, ಆ ತಾತನಿಗೆ ಒಂದು ಸೊಪ್ಪು ಗೊತ್ತಿರುತ್ತದೆ, ಆ ಸೊಪ್ಪಿನ ಹೆಸರು ಮಾತ್ರ ತಾತನ ಜೊತೆಗೇ ಹೋಗಿರುತ್ತದೆ. ಗಿಡಮೂಲಿಕೆ ಹೀಗೆ ಕಷ್ಟವಾದರೆ ಕುರಿ ಇನ್ನೂ ಕಷ್ಟ. ಗೌರಿಬಿದನೂರಿನ ಹತ್ತಿರ ಒಬ್ಬ ಕುರಿಗಾಹಿಯನ್ನು ಹುಡುಕಿಕೊಂಡು ಹೋಗಿ, ನಿಮ್ಮ ಕುರಿಗಳಿಗೆ ಹುಳು ಇದೆಯೇ ಎಂದು ವಿನಯದಿಂದಲೇ ಕೇಳಿದೆ. ಆತ ಕೋಲು ನೆಲಕ್ಕೆ ಕುಟ್ಟಿ, ತೆಲುಗಿನಲ್ಲಿ, "ಮಾ ಗೊರ್ರೆಲಕಿ ಪುರುಗುಲಾ? ಎವುರು ಚೆಪ್ಪಿರಿ ಸಾರ್ ಮೀಕು?" ಎಂದ. ನಮ್ಮ ಕುರಿಗೆ ಹುಳುವೇ, ನಿಮಗೆ ಹೇಳಿದವರ ಹೆಸರು ಹೇಳಿ ಎಂದು ನನ್ನ ಬೆನ್ನು ಹತ್ತಿದ. ಅವನ ಮಗಳ ಶೀಲವನ್ನು ಶಂಕಿಸಿದ್ದರೂ ಅಷ್ಟು ಕೋಪ ಮಾಡುತ್ತಿರಲಿಲ್ಲವೇನೋ. ಚಿಂತಾಮಣಿಯ ಕಡೆಯ ಇನ್ನೊಬ್ಬರು ತುಂಬಾ ಒಳ್ಳೆಯವರು, ಬನ್ನಿ ಸಾರ್, ಧಾರಾಳವಾಗಿ ಬನ್ನಿ ಎಂದರು. ಹೋದೆ. ಹಿಕ್ಕೆ ತಂದು ಉಪ್ಪುನೀರಿನಲ್ಲಿ ಕದಡಿ, ಸೋಸಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಒಂದೇ ಒಂದು ಮೊಟ್ಟೆಯಿಲ್ಲ. ವಿಚಾರಿಸಿದರೆ, ಕಾಲೇಜಿನ ಸಾರು ಕುರಿ ನೋಡೋಕೆ ಬರ್ತಾರೆ ಎಂದು ಹಿಂದಿನ ದಿನವೇ ಪಶು ಆಸ್ಪತ್ರೆಯ ಬಿಳಿ ಔಷಧಿ ತಂದು ಎಲ್ಲಕ್ಕೂ ಕುಡಿಸಿಬಿಟ್ಟಿದ್ದರು. "ಬಂದೋರ್ ಮುಂದೆ ಹುಳ ಇಟ್ಕೊಂಡು ಹೆಂಗ್ ನಿಲ್ಲೋದು ಸಾರ್?" ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಲಿಲ್ಲ. ನೆಂಟರು ಬರುವ ಮುಂಚೆ ನಾವೂ ಮನೆ ಗುಡಿಸುತ್ತೇವಲ್ಲ.

ಸ್ಕಂದಗಿರಿಯ ಬುಡದ ಕಳವಾರದಲ್ಲೂ ಕೆಲವು ಭಾನುವಾರ ಕಳೆದೆ. ಅಲ್ಲಿ ಮೇಯುವ ಕುರಿಗಳ ಹಿಂದೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಡಬ್ಬಿ ಹಿಡಿದು ನಾನು ನಡೆಯುತ್ತಿದ್ದೆ. ಕುರಿ ನಿಂತರೆ ನಾನೂ ನಿಲ್ಲುವುದು, ಅದು ಬಾಲ ಎತ್ತಿದರೆ ನಾನು ಬಗ್ಗುವುದು. ಬೆಟ್ಟ ಹತ್ತಿ ಇಳಿದು ಬಂದ ಬೆಂಗಳೂರಿನ ಹುಡುಗ ಹುಡುಗಿಯರ ಗುಂಪೊಂದು ನನ್ನನ್ನು ನೋಡಿ ನಿಂತಿತು. "ಅಂಕಲ್, ಇದು ಆ ಕಾಫೀನಾ? ಪ್ರಾಣಿ ಹೊಟ್ಟೆಯಿಂದ ಬರತ್ತಲ್ಲ, ತುಂಬಾ ಕಾಸ್ಟ್ಲಿ ಇರತ್ತಲ್ಲ, ಅದಾ?" ಎಂದು ಒಬ್ಬಳು ಭಕ್ತಿಯಿಂದ ಕೇಳಿದಳು. ಡಬ್ಬಿಯೊಳಗಿನ ಕಪ್ಪು ಗುಂಡುಗಳನ್ನು ನೋಡಿದರೆ ಆ ಅನುಮಾನ ಬರುವುದು ಸಹಜವೇ. ಅಲ್ಲಮ್ಮಾ ಎಂದೆ. ನಂಬಲಿಲ್ಲ, ವ್ಯಾಪಾರದ ಗುಟ್ಟು ಬಿಟ್ಟುಕೊಡುತ್ತಿಲ್ಲ ಎಂದುಕೊಂಡು ಫೋಟೋ ತೆಗೆದುಕೊಂಡು ಹೋದರು. ಆ ಫೋಟೋ ಈಗ ಯಾರ ಯಾರ ಮೊಬೈಲಿನಲ್ಲಿ ಓಡಾಡುತ್ತಿದೆಯೋ ನಾನು ಕೇಳಿಲ್ಲ. ಅಲ್ಲಿಯ ಕುರಿಗಳ ಯಜಮಾನರು ಹಿಕ್ಕೆ ಬೇಕಾದಷ್ಟು ಆರಿಸಿಕೊಳ್ಳಿ, ಆದರೆ ಕುರಿಯ ಬಾಯಿಗೆ ಏನನ್ನೂ ಹಾಕಕೂಡದು ಎಂದುಬಿಟ್ಟರು. ಅಲ್ಲಿಗೆ ಅದೂ ಮುಗಿಯಿತು.

ಕಡೆಗೆ ನನಗೆ ಉಳಿದದ್ದು ಹೆಂಡತಿಯ ತವರು. ಶಿಡ್ಲಘಟ್ಟ ತಾಲೂಕಿನ ಜಂಗಮಕೋಟೆ. ನಮ್ಮ ಅತ್ತೆ ಪಿಳ್ಳಮ್ಮನವರು ಅಲ್ಲಿ ರೇಷ್ಮೆಹುಳು ಸಾಕುತ್ತಾರೆ. ಮಗ, ಸೊಸೆ ಇದ್ದರೂ ಹುಳದ ಮನೆಯ ಯಜಮಾನಿಕೆ ಅವರದೇ. ಅವರ ತಮ್ಮ ಮುನಿಶಾಮಪ್ಪನವರ ಕುರಿದೊಡ್ಡಿ ಪಕ್ಕದಲ್ಲೇ ಇದೆ. ಇಷ್ಟೇ ಆಗಿದ್ದರೆ ನಾನು ಮೊದಲೇ ಅಲ್ಲಿಗೆ ಹೋಗುತ್ತಿದ್ದೆ. ಹೋಗಲು ಹಿಂಜರಿದದ್ದು ಏಕೆಂದರೆ, ನಮ್ಮ ಅತ್ತೆಯೇ ಸುತ್ತಮುತ್ತ ಜಂತಿನ ಮದ್ದಿಗೆ ಹೆಸರಾದವರು. ಮುತ್ತುಗದ ಬೀಜವನ್ನು ನೆನೆಸಿ, ಸಿಪ್ಪೆ ತೆಗೆದು, ಒಣಗಿಸಿ, ಕುಟ್ಟಿ, ಓಮ ಬೆಲ್ಲ ಸೇರಿಸಿ ಉಂಡೆ ಕಟ್ಟಿ ಒಂದು ಹಿತ್ತಾಳೆ ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಅವರಿಗೆ ಅವರ ಅತ್ತೆ ಹೇಳಿಕೊಟ್ಟದ್ದು. ಯಾರ ಮಗುವಾದರೂ ಸರಿ, ಬಾಗಿಲಿಗೆ ಬಂದರೆ ಬಾಯಿ ತೆಗೆಸಿ ಒಂದು ಹಾಕಿ ಕಳಿಸುತ್ತಾರೆ. ಯಾರಿಂದಲೂ ಒಂದು ವೀಳ್ಯದೆಲೆಯನ್ನೂ ಮುಟ್ಟುವುದಿಲ್ಲ. ಅಂಥವರ ಮದ್ದನ್ನು ಪರೀಕ್ಷೆಗೆ ಹಚ್ಚುವುದು ಅಳಿಯನಾದವನಿಗೆ ಅಪಾಯದ ಕೆಲಸ. ಆದರೆ ಗಡುವು ಕುತ್ತಿಗೆಗೆ ಬಂದಿತ್ತು.

ನಾನು ಬಂದ ಕಾರಣ ಹೇಳಿದಾಗ ಅತ್ತೆಗೆ ಸಂತೋಷವೇ ಆಯಿತು. "ಪರೀಕ್ಷೆ ಮಾಡಿ. ನಮ್ ಅತ್ತೆ ಮದ್ದು ಸುಳ್ಳಾಗಲ್ಲ" ಎಂದರು. ಆದರೆ ಹುಳದ ಮನೆಯ ಬಾಗಿಲಲ್ಲೇ ನನ್ನನ್ನು ತಡೆದರು. "ಹುಳ ಕೊಲ್ಲೋ ಮದ್ದು ಚೀಲದಲ್ಲಿಟ್ಕೊಂಡು ಹುಳದ ಮನೆಗ್ ಬರ್ತೀರಾ? ಅಲ್ಲೇ ನಿಂತ್ಕೊಳಿ ಅಳಿಯಂದ್ರೆ." ನಾನು ಬಾಗಿಲ ಹೊರಗೆ ನಿಂತು ನೋಡಿದೆ. ಹುಳುಗಳು ಪೊರೆ ಬಿಡುವ ಕಡೆಯ ಜ್ವರದಿಂದ ಎದ್ದು ಹಸಿದಿದ್ದವು, ಹಿಪ್ಪುನೇರಳೆ ಸೊಪ್ಪು ಮೇಯುವ ಸರಸರ ಸದ್ದು ಹೊರಗಿನವರೆಗೂ ಕೇಳುತ್ತಿತ್ತು. ಮೂಲೆಯ ಒಂದು ತಟ್ಟೆಗೆ ಸೊಪ್ಪು ಸಾಲದೆ ಬಂತು. ಅತ್ತೆ ಬೇರೆ ತಟ್ಟೆಗಳ ಮೇಲೆ ಹಾಕಿದ್ದನ್ನೇ ಒಂದೊಂದು ಹಿಡಿ ತೆಗೆದು ಅದಕ್ಕೂ ಹರಡಿ, ಸೊಸೆಯನ್ನು ಪಕ್ಕದ ತೋಟಕ್ಕೆ ಕೈಸಾಲ ತರಲು ಅಟ್ಟಿದರು. ಆಗ ನಾನು ಅದನ್ನು ಒಂದು ಸೂಚನೆ ಎಂದು ತಿಳಿಯಬೇಕಿತ್ತು. ಸಂಶೋಧಕನಾಗಿದ್ದರೂ ತಿಳಿಯಲಿಲ್ಲ.

ಮೊದಲ ಎಣಿಕೆಯಲ್ಲಿ ಮುನಿಶಾಮಪ್ಪನವರ ಕುರಿಗಳ ಹಿಕ್ಕೆ ನನ್ನ ಮನಸ್ಸು ತುಂಬಿಸಿತು. "ಮೊಟ್ಟೆ ಬೇಕಾದಷ್ಟಿದೆ ಅತ್ತೆ" ಎಂದೆ. ಮೊಟ್ಟೆ ತಂದು ಹುಳು ಎಬ್ಬಿಸುವ ಮನೆಯವರು; ಮೊಟ್ಟೆ ಚೆನ್ನಾಗಿದೆ ಎಂದರೆ ಅವರಿಗೆ ಶುಭವಾರ್ತೆ. "ಹೌದಾ? ಒಳ್ಳೇದಾಯ್ತು ಬಿಡಿ" ಎಂದು ಅತ್ತೆ ಅಳಿಯನ ಬೆಳೆಗೆ ಸಂತೋಷಪಟ್ಟು ಕೋಳಿ ಕೊಯ್ಯಿಸಿದರು. ನಾನು ಕುರಿಗಳನ್ನು ಮೂರು ಗುಂಪು ಮಾಡಿದೆ. ಒಂದು ಗುಂಪಿಗೆ ಬೆನ್ನ ಮೇಲೆ ಕೆಂಪು ಬಣ್ಣ, ಅವಕ್ಕೆ ಅತ್ತೆಯ ಉಂಡೆ. ಇನ್ನೊಂದಕ್ಕೆ ನೀಲಿ ಬಣ್ಣ, ಅವಕ್ಕೆ ಆಸ್ಪತ್ರೆಯ ಬಿಳಿ ಔಷಧಿ. ಮೂರನೆಯದಕ್ಕೆ ಬಣ್ಣವೂ ಇಲ್ಲ, ಮದ್ದೂ ಇಲ್ಲ.

"ಅವ್ಕೇನು?" ಎಂದರು ಅತ್ತೆ.

"ಅವಕ್ಕೆ ಏನೂ ಇಲ್ಲ ಅತ್ತೆ. ಸುಮ್ಮನೆ ಇರುತ್ತವೆ."

"ಯಾಕೆ, ಅವೇನ್ ತಪ್ಪು ಮಾಡಿದ್ವು?"

ಮದ್ದು ಕೊಟ್ಟವನ್ನೂ ಕೊಡದವನ್ನೂ ಹೋಲಿಸಿ ನೋಡಿದರೆ ತಾನೇ ಮದ್ದಿನಿಂದಲೇ ವಾಸಿಯಾಯಿತೋ ತಾನಾಗಿಯೇ ಆಯಿತೋ ಗೊತ್ತಾಗುವುದು ಎಂದು ನಾನು ಕ್ಲಾಸಿನಲ್ಲಿ ಹೇಳುವಂತೆಯೇ ನಿಧಾನವಾಗಿ ಹೇಳಿದೆ. ಪರೀಕ್ಷೆಯೆಲ್ಲ ಮುಗಿದ ಮೇಲೆ ಅವಕ್ಕೂ ಕೊಡುತ್ತೇವೆ ಎಂದೂ ಸೇರಿಸಿದೆ. "ಎಲ್ಲಾರೂ ಉಂಡು ಕೈತೊಳ್ಕೊಂಡ್ಮೇಲೆ ಬಡಿಸ್ತೀರಾ?" ಎಂದು ಅತ್ತೆ ಕೇಳಿದರು. ಆ ಮಾತಿಗೆ ನನಗೆ ಚಿಕ್ಕಂದಿನ ಒಂದು ಮದುವೆ ನೆನಪಾಯಿತು. ಪಾಯಸದ ಬಕೆಟ್ಟು ಸರಿಯಾಗಿ ನನ್ನ ಎಲೆಯ ಹತ್ತಿರ ಬಂದು ಖಾಲಿಯಾಗಿ, ಬಡಿಸುವವನು ಈಗ ತಂದೆ ಎಂದು ಒಳಗೆ ಹೋದವನು ಬರಲೇ ಇಲ್ಲ. ನನ್ನ ಅಕ್ಕಪಕ್ಕದವರು ಸುರಿಯುತ್ತಿದ್ದ ಸದ್ದು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಆದರೆ ವಿಜ್ಞಾನದಲ್ಲಿ ಇಂಥ ನೆನಪುಗಳಿಗೆ ಜಾಗವಿಲ್ಲ. ಕೆಂಪು, ನೀಲಿ ಕುರಿಗಳಿಗೆ ಮದ್ದು ಹಾಕಿ, ಸೋಪಿನಲ್ಲಿ ಮೊಣಕೈವರೆಗೆ ತೊಳೆದು, ಮುದ್ದೆ ಕೋಳಿಸಾರು ಊಟಮಾಡಿ ಬಂದೆ.

ಕೆಲವು ದಿನ ಬಿಟ್ಟು ಮತ್ತೆ ಹಿಕ್ಕೆ ತಂದು ಎಣಿಸಿದೆ. ಬಿಳಿ ಔಷಧಿಯ ಕುರಿಗಳಲ್ಲಿ ಮೊಟ್ಟೆ ಹೆಚ್ಚುಕಡಿಮೆ ಮಾಯವಾಗಿತ್ತು. ಅತ್ತೆಯ ಉಂಡೆ ತಿಂದ ಕುರಿಗಳಲ್ಲಿ ಚೆನ್ನಾಗಿಯೇ ಇಳಿದಿತ್ತು. ನನಗೆ ಖುಷಿಯಾಗಿ, ಆಗಲೇ ಹಲಗೆಯ ಮೇಲೆ ನನ್ನ ಹೆಸರು ಬರೆಯುವ ಪೇಂಟರನ್ನು ನೆನೆಸಿಕೊಂಡೆ. ಆಮೇಲೆ ಮೂರನೆಯ ಗುಂಪು ಎಣಿಸಿದೆ. ಅದರಲ್ಲೂ ಅಷ್ಟೇ ಇಳಿದಿತ್ತು. ಮತ್ತೆ ಎಣಿಸಿದೆ, ಕನ್ನಡಕ ಒರೆಸಿ ಎಣಿಸಿದೆ. ಅಷ್ಟೇ. ಏನೂ ತಿನ್ನದ ಕುರಿಯೂ ಉಂಡೆ ತಿಂದ ಕುರಿಯೂ ಒಂದೇ. ಗೈಡಿಗೆ ಫೋನು ಮಾಡಿದರೆ, "ಹಂಗಾದ್ರೆ ಸಿಂಪಲ್ ಸಾರ್. ಆ ಉಂಡೇಲಿ ಏನೂ ಇಲ್ಲ. ಹಾಗೇ ಬರೀರಿ" ಎಂದರು.

ಬರೆಯುವುದು ಸುಲಭ, ಜಂಗಮಕೋಟೆಗೆ ಹೋಗಿ ಹೇಳುವುದು ಯಾರು? ರತ್ನ ನಾನಲ್ಲ ಎಂದಳು. ನಾನೇ ಹೋದೆ. ಹೇಗಾಯ್ತು ಎಂದು ಅತ್ತೆಯೇ ಕೇಳಿದರು. ನಾನು ಸುತ್ತಿ ಬಳಸಿ, ವಾತಾವರಣ, ಮೇವು, ಕುರಿಯ ವಯಸ್ಸು ಎಂದೆಲ್ಲ ಮಾತಾಡಿ ಕಡೆಗೆ, ಮದ್ದಿನಿಂದ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ ಎಂದೆ. ಅವರು ಜಗಳವಾಡಿದ್ದರೆ ಚೆನ್ನಾಗಿತ್ತು. "ಹಂಗಾ" ಎಂದರು, ಅಷ್ಟೇ. ಸ್ವಲ್ಪ ಹೊತ್ತಿಗೆ ಬೀದಿಯ ಹೆಂಗಸೊಬ್ಬಳು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಅತ್ತೆ ಹಿತ್ತಾಳೆ ಡಬ್ಬಿಯ ಕಡೆಗೆ ಎದ್ದವರು ಹಾಗೇ ಕೂತರು. "ಇನ್ಮೇಲೆ ನನ್ ಹತ್ರ ಬರ್ಬೇಡ ಕಣಮ್ಮ. ನಮ್ ಅಳಿಯಂದಿರು ಓದ್ದೋರು, ಪರೀಕ್ಷೆ ಮಾಡವ್ರೆ. ಅದ್ರಲ್ಲೇನೂ ಇಲ್ವಂತೆ. ಇಷ್ಟ್ ದಿನ ಸುಮ್ನೆ ನಿಮ್ಗೆಲ್ಲಾ ಬೆಲ್ಲ ತಿನ್ಸಿದೀನಿ. ಆಸ್ಪತ್ರೆಗೆ ಕರ್ಕೊಂಡೋಗು" ಎಂದರು. ಅದರಲ್ಲಿ ಕೊಂಕಿರಲಿಲ್ಲ, ನನ್ನ ಮೇಲೆ ಸಿಟ್ಟೂ ಇರಲಿಲ್ಲ. ನನ್ನ ಓದಿನ ಮೇಲೆ ನಿಜವಾದ ನಂಬಿಕೆಯಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ವರ್ಷವೆಲ್ಲ ಹಿಕ್ಕೆ ಕದಡಿ ನಾನು ಸಾಧಿಸಿದ್ದು ಇದೊಂದೇ ಎಂದು ದಾರಿಯುದ್ದಕ್ಕೂ ಸ್ಕೂಟರಿನ ಮೇಲೆ ನೊಂದುಕೊಂಡೆ.

ನಿಜ ಹೊರಬಿದ್ದದ್ದು ಗೂಡು ಬಿಡಿಸುವ ದಿನ. ಆವತ್ತು ಮನೆಮಂದಿಯೆಲ್ಲ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ಸುತ್ತ ಕೂತು ರೇಷ್ಮೆಗೂಡು ಕಿತ್ತು ಬುಟ್ಟಿಗೆ ಹಾಕಬೇಕು, ಅಳಿಯನೆಂದು ಬಿಡುವುದಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಮುನಿಶಾಮಪ್ಪನವರು ಕೈಕೆಲಸ ಬಿಡದೆ, "ಅಕ್ಕಾ, ಆ ಉಂಡೆ ಇನ್ನೊಂದ್ಸಲ ಕಟ್ಕೊಡು. ಬಣ್ಣ ಇಲ್ದಿರೋ ಕುರಿಗೋಳು ಅದ್ ತಿಂದಾಗಿಂದ ಚೆನ್ನಾಗ್ ಮೇಯ್ತವೆ" ಎಂದರು.

ನನ್ನ ಕೈಯಲ್ಲಿದ್ದ ಗೂಡು ಕೆಳಗೆ ಬಿತ್ತು. "ಬಣ್ಣ ಇಲ್ಲದವು ಯಾವಾಗ ತಿಂದವು ಮಾವ?"

ಅವರು ಅಕ್ಕನ ಮುಖ ನೋಡಿದರು. ಅತ್ತೆಯ ಮುಖದಲ್ಲಿ ಅಳುಕಿನ ಗುರುತೇ ಇಲ್ಲ. "ಆವತ್ತೇ ಕೊಟ್ಟೆ. ನೀವು ಊಟಕ್ ಕೂತಿದ್ರಲ್ಲ, ಆವಾಗ. ಒಂದೇ ದೊಡ್ಡೀಲಿರೋ ಮೂಕಪ್ರಾಣಿಗಳು. ಎರಡು ಗುಂಪಿಗೆ ಕೊಟ್ಟು ಒಂದನ್ನ ಬಾಯಿ ನೋಡ್ಕೊಂಡು ನಿಲ್ಸೋದಾ? ಪಂಕ್ತಿಭೇದ ಮಾಡಿದ್ರೆ ಉಂಡೋರಿಗೂ ಹತ್ತಲ್ಲ ಕಣಪ್ಪಾ."

ನಾನು ಕೋಳಿಯ ಮೂಳೆ ಚೀಪುತ್ತಿದ್ದ ಹೊತ್ತಿನಲ್ಲಿ, ಹತ್ತು ಮಾರು ದೂರದಲ್ಲಿ, ನನ್ನ ಪ್ರಬಂಧದ ಬೆನ್ನೆಲುಬು ಮುರಿದಿತ್ತು. ಮೂರನೆಯ ಗುಂಪೂ ಅದೇ ಉಂಡೆ ತಿಂದಿತ್ತು. ಆದ್ದರಿಂದಲೇ ಎರಡೂ ಒಂದೇ ಆಗಿ ಕಂಡಿತು. ಆ ಒಂದು ಗುಂಪಿಗೆ ಮದ್ದು ತಪ್ಪಿಸಿದ್ದರೆ ಅತ್ತೆಯ ಮಾತು ನಿಲ್ಲುತ್ತಿತ್ತೋ ಏನೋ. ತಮ್ಮ ಮದ್ದಿನ ಮಾನವನ್ನು ತಾವೇ ಕೈಯಾರೆ ಕುರಿಗಳಿಗೆ ತಿನ್ನಿಸಿಬಿಟ್ಟಿದ್ದರು. ನನಗೆ ಸಿಟ್ಟು ಬಂತು, ನಗುವೂ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಸುಸ್ತು ಬಂತು.

"ಅತ್ತೆ, ನಿಮ್ಮ ಮದ್ದಿನಲ್ಲಿ ಏನೂ ಇಲ್ಲ ಅಂದೆನಲ್ಲ, ಅದು ಸುಳ್ಳು" ಎಂದೆ.

"ಅಂದ್ರೆ ಇದೆ ಅಂತ ಗೊತ್ತಾಯ್ತಾ?"

"ಗೊತ್ತಾಗಲಿಲ್ಲ. ಇಲ್ಲ ಅಂತಾನೂ ಗೊತ್ತಾಗಲಿಲ್ಲ."

ಅತ್ತೆ ನನ್ನನ್ನೇ ನೋಡಿದರು. "ಇಷ್ಟು ತಿಳ್ಕೊಳೋಕೆ ಇಷ್ಟ್ ವರ್ಷ ಹಿಕ್ಕೆ ಆರ್ಸಿದ್ರಾ?" ಎಂದರು. ಗೂಡು ಬಿಡಿಸುತ್ತಿದ್ದವರೆಲ್ಲ ನಕ್ಕರು, ರತ್ನ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕಳು. ಆದರೆ ಹಿತ್ತಾಳೆ ಡಬ್ಬಿಯ ಮಾತೆತ್ತಿದರೆ ಅತ್ತೆ ಒಪ್ಪಲಿಲ್ಲ. ಗೊತ್ತಿಲ್ಲದ್ದನ್ನ ಮಕ್ಕಳ ಬಾಯಿಗೆ ಹೆಂಗ್ ಹಾಕೋದು, ನೀವು ಸರಿಯಾಗಿ ನೋಡಿ ಹೇಳಿ, ಆಮೇಲೆ ಕೊಡ್ತೀನಿ ಎಂದುಬಿಟ್ಟರು. ಗೈಡೂ ಅದನ್ನೇ ಹೇಳಿದರು: ಇನ್ನೊಂದೇ ಸಲ ಮಾಡಿ ಸಾರ್, ಈ ಸಲ ಮೂರನೇ ಗ್ರೂಪನ್ನ ನೀವೇ ಕಾಯ್ಕೊಳ್ಳಿ, ಇದು ಹೋದ್ರೆ ಎಲ್ಲಾ ಹೋದಂಗೆ. ಅಂದರೆ ನನ್ನ 'ಡಾ.', ಅತ್ತೆಯ ಮದ್ದು ಎರಡೂ ಆ ಬಣ್ಣವಿಲ್ಲದ ಕುರಿಗಳ ಉಪವಾಸದ ಮೇಲೆ ನಿಂತವು.

ಮಳೆ ಬಿದ್ದು, ಹೊಸ ಹುಲ್ಲು ಮೇದು, ಕುರಿಗಳ ಹೊಟ್ಟೆಯಲ್ಲಿ ಮತ್ತೆ ಹುಳು ಕೂಡಿಕೊಂಡ ಮೇಲೆ ನಾನು ಜಂಗಮಕೋಟೆಗೆ ಹೋದೆ. ಅತ್ತೆಯಿಂದ ಮಾತು ತೆಗೆದುಕೊಂಡೆ. "ಆಯ್ತು, ನಾನು ಕೊಡಲ್ಲ. ನಿಮ್ಮಾಣೆ" ಎಂದು ಉಂಡೆಗಳ ಬೋಗುಣಿಯನ್ನು ನನ್ನ ಕೈಗಿಟ್ಟು, ಈ ಕಡೆ ನೋಡುವುದೂ ಬೇಡವೆಂದು ಹಿಪ್ಪುನೇರಳೆ ತೋಟಕ್ಕೆ ಹೊರಟುಹೋದರು. ಮುನಿಶಾಮಪ್ಪನವರು ಒಂದೊಂದೇ ಕುರಿಯನ್ನು ಹಿಡಿದರು, ನಾನು ಕೆಂಪಿಗೆ ಉಂಡೆ, ನೀಲಿಗೆ ಬಿಳಿ ಔಷಧಿ ಹಾಕಿದೆ. ಅದಾದ ಮೇಲೆ ಆ ಎರಡು ಗುಂಪನ್ನು ಮೇಯಲು ಬಿಟ್ಟು ಅವರೂ ಬೀಡಿ ನೆಪದಲ್ಲಿ ಆಚೆಗೆ ಹೋದರು.

ದೊಡ್ಡಿಯಲ್ಲಿ ನಾನು ಮತ್ತು ಮೂರನೆಯ ಗುಂಪು ಉಳಿದೆವು. ಅವು ಅಡ್ಡಗೋಲಿನ ಮೇಲಿಂದ ನನ್ನ ಕಡೆಗೆ ಕುತ್ತಿಗೆ ಚಾಚಿ ನಿಂತಿದ್ದವು. ಬೆಲ್ಲದ ವಾಸನೆ ಅವಕ್ಕೂ ಬಂದಿತ್ತು. ಬೋಗುಣಿಯಲ್ಲಿ ಉಂಡೆಗಳು ಇನ್ನೂ ಇದ್ದವು; ನಮ್ಮ ಅತ್ತೆಗೆ ಎಣಿಸಿ ಅಡಿಗೆ ಮಾಡಿ ಅಭ್ಯಾಸವಿಲ್ಲ, ಎಷ್ಟು ಹೇಳಿದರೂ ನಾಲ್ಕು ಜನಕ್ಕೆ ಹೆಚ್ಚಾಗಿಯೇ ಮಾಡುತ್ತಾರೆ. ಒಂದು ಬಡಕಲು ಕುರಿ ನನ್ನ ಬೆರಳಿಗೆ ಅಂಟಿದ್ದ ಬೆಲ್ಲ ನೆಕ್ಕಿತು. ಅದರ ಮರಿ ಪಕ್ಕದಲ್ಲೇ ನಿಂತು ನನ್ನ ಮುಖ ನೋಡಿತು. ನಾನು ಹಲಗೆಯನ್ನು ನೆನೆಸಿಕೊಂಡೆ, ಗೈಡನ್ನು ನೆನೆಸಿಕೊಂಡೆ, ಕಡೆಯ ಗಡುವನ್ನು ನೆನೆಸಿಕೊಂಡೆ. ಎಲ್ಲ ಮುಗಿದ ಮೇಲೆ ಇವಕ್ಕೂ ಔಷಧಿ ಸಿಗುತ್ತದೆ, ಸಾಯುವುದೇನೂ ಇಲ್ಲ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಪಾಠ ಚೆನ್ನಾಗಿಯೇ ಇತ್ತು. ಆದರೆ ಆ ಮದುವೆಮನೆಯ ಪಾಯಸದ ಬಕೆಟ್ಟು ಈಗ ನನ್ನ ಕೈಯಲ್ಲೇ ಇದೆ ಎನಿಸಿಬಿಟ್ಟಿತು. ಬಡಕಲು ಕುರಿಗೆ ಒಂದು ಉಂಡೆ ಕೊಟ್ಟೆ. ಒಂದಕ್ಕೆ ಕೊಟ್ಟ ಮೇಲೆ ಪಕ್ಕದ್ದನ್ನು ಬಿಡುವುದು ಹೇಗೆ? ಸಾಲಾಗಿ ಎಲ್ಲಕ್ಕೂ ಕೊಟ್ಟುಬಿಟ್ಟೆ.

ತೋಟದಿಂದ ಬಂದ ಅತ್ತೆ ದೊಡ್ಡಿಯ ಬಾಗಿಲಲ್ಲಿ ಸೊಪ್ಪಿನ ಹೊರೆ ಇಳಿಸಿ, ಮದುವೆಮನೆಯಲ್ಲಿ ಬಡಿಸುವವರು ಕೇಳುವ ಧಾಟಿಯಲ್ಲಿ, "ಎಲ್ಲಾರ್ಗೂ ಆಯ್ತಾ?" ಎಂದರು.

"ಆಯ್ತು" ಎಂದೆ. ಅವರು ಬೋಗುಣಿ ನೋಡಿದರು, ಮೂರನೆಯ ಗುಂಪಿನ ಬಾಯಿಗಳನ್ನು ನೋಡಿದರು, ನನ್ನನ್ನು ನೋಡಿದರು. ಸೆರಗಿನಲ್ಲಿ ಕೈ ಒರೆಸಿಕೊಂಡು, "ಹಂಗಾದ್ರೆ ಪರೀಕ್ಷೆ ಸಾಕು ಬಿಡಿ. ಇದ್ರಲ್ಲೇನೂ ಇಲ್ಲ ಅಂತ ನಿಮ್ಗೇ ಗಟ್ಟಿಯಾಗಿ ಅನ್ಸಿದ್ರೆ ಇವಕ್ಕೆ ಕೊಡ್ತಿರ್ಲಿಲ್ಲ" ಎಂದರು. ಒಳಗೆ ಹೋಗಿ ಹಿತ್ತಾಳೆ ಡಬ್ಬಿಯನ್ನು ತಂದು ಜಗಲಿಯ ಮೇಲೆ ಮೊದಲಿನ ಜಾಗದಲ್ಲಿ ಇಟ್ಟರು. ಗೈಡಾಗಲಿ ವಿಶ್ವವಿದ್ಯಾಲಯವಾಗಲಿ ಒಪ್ಪುವ ಪುರಾವೆಯಲ್ಲ ಅದು. ಅತ್ತೆಗೆ ಸಾಕಾಯಿತು. ನನಗೂ, ನಿಜ ಹೇಳಬೇಕೆಂದರೆ, ಎಷ್ಟೋ ತಿಂಗಳ ಮೇಲೆ ಎದೆ ಹಗುರವಾಯಿತು. ಅಷ್ಟರಲ್ಲಿ ಅವರ ಕಣ್ಣು ಮತ್ತೆ ಬೋಗುಣಿಗೆ ಹೋಯಿತು.

"ಇನ್ನೊಂದು ಉಳ್ದದೆ. ನಿಮ್ದಾಯ್ತಾ? ರತ್ನ ಹೇಳ್ತಿದ್ಲು, ಹಲ್ಲು ಕಡೀತೀರಂತೆ. ಎಲ್ಲಿ, ಆ ಅನ್ನಿ."

ಅತ್ತೆಯ ಮುಂದೆ ಅಳಿಯ ಬಾಯಿ ತೆರೆದು ನಿಲ್ಲುವುದು ನಮ್ಮಲ್ಲಿ ಪದ್ಧತಿಯಲ್ಲ. ನಿಂತೆ. ಉಂಡೆ ಕಹಿಯಾಗಿತ್ತು, ಆಮೇಲೆ ನಿಧಾನಕ್ಕೆ ಬೆಲ್ಲ ಸಿಕ್ಕಿತು.

ನಡೆದದ್ದನ್ನೆಲ್ಲ ಗೈಡಿಗೆ ಹೇಳಿದೆ. ಅವರು, "ಈ ಸಲ ಕೊಟ್ಟಿದ್ದು ಯಾರು ಸಾರ್?" ಎಂದರು. ನಾನೇ ಎಂದೆ. ಫೋನು ಇಟ್ಟರು, ಮತ್ತೆ ಮಾಡಿಲ್ಲ. ಹಲಗೆಯಲ್ಲಿ ನಾನು ಇನ್ನೂ 'ಶ್ರೀ'ಯೇ. ಬಸ್ ಪಾಸಿಗೆ ಕೇಳಿದವರಿಗೆ ಸೀಲು ಹಾಕಿಕೊಡುತ್ತೇನೆ. ಈಚೆಗೆ ರತ್ನ ಹೇಳುತ್ತಾಳೆ, ನಾನು ಹಲ್ಲು ಕಡಿಯುವುದು ಪೂರ್ತಿ ನಿಂತುಹೋಗಿದೆಯಂತೆ. ಅದು ಅಮ್ಮನ ಮದ್ದಿನಿಂದಲೇ ಎಂದು ಅವಳು ಬೀದಿಗೆಲ್ಲ ಸಾರಿದ್ದಾಳೆ. ಗೈಡಿನ ಫೋನು ನಿಂತದ್ದರಿಂದಲೂ ಇರಬಹುದಲ್ಲ ಎಂದು ನನಗೆ ಅನುಮಾನ. ಯಾವುದು ನಿಜವೆಂದು ತಿಳಿಯಬೇಕಾದರೆ, ಎಲ್ಲ ವಿಧದಲ್ಲೂ ನನ್ನಂತೆಯೇ ಇದ್ದು, ಆ ಉಂಡೆಯೊಂದನ್ನು ಮಾತ್ರ ತಿನ್ನದೆ ಉಳಿದ ಇನ್ನೊಬ್ಬ ನಾನು ಬೇಕು. ಅಂಥವನೊಬ್ಬ ಸಿಕ್ಕಿದರೂ ಉಪಯೋಗವಿಲ್ಲ. ಪಕ್ಕದಲ್ಲಿ ಕೂತಿದ್ದರೆ ಅವನಿಗೂ ಒಂದು ಉಂಡೆ ಕೊಟ್ಟುಬಿಡುತ್ತೇನೆ.